ಶಾಲೆಗೆ ದೊಡ್ಡ ಸ್ಕ್ರೀನ್ ಬಂದಿದೆ, ಪಾಠಕ್ಕೆ ಹೇಗೆ ಬಳಸುತ್ತೀರಿ? – ಮಂಡ್ಯ, ಮೈಸೂರು ಕಡೆಯ ಶಿಕ್ಷಕರ ಚರ್ಚೆ

ವಿಜ್ಞಾನ ಟೀಚರ್, ಪಾಂಡವಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ವರ್ಷ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ನಮ್ಮ ಶಾಲೆಗೆ ದೊಡ್ಡ ಟಚ್ ಸ್ಕ್ರೀನ್ ಕೊಡಿಸಿದ್ದಾರೆ. ಗೋಡೆಗೆ ಹಾಕಿಸಿ, ಜೊತೆಗೆ ಯುಪಿಎಸ್ ಕೂಡ ಕೊಟ್ಟಿದ್ದಾರೆ. ಊರಿನವರು ಬೆವರು ಸುರಿಸಿ ದುಡಿದ ದುಡ್ಡು ಅದು. ದಂಡ ಆಗಬಾರದು.

ವಿಡಿಯೊ ಹಾಕಿದರೆ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಗಲಾಟೆಯೇ ಇರುವುದಿಲ್ಲ. ಮಾರನೇ ದಿನ "ನಿನ್ನೆ ಏನು ನೋಡಿದ್ರಿ?" ಅಂತ ಕೇಳಿದರೆ ಬಣ್ಣ ನೆನಪಿರುತ್ತದೆ, ಹಿಂದೆ ಬರುತ್ತಿದ್ದ ಸಂಗೀತ ನೆನಪಿರುತ್ತದೆ. ಕರೆಂಟ್ ಯಾಕೆ ಹಾಗೆ ಹರಿಯಿತು ಅನ್ನುವುದು ನೆನಪಿರುವುದಿಲ್ಲ. ನನ್ನ ಹತ್ತಿರ ಇರುವುದು 40 ನಿಮಿಷದ ಪೀರಿಯಡ್. ಅದರಲ್ಲಿ ಸ್ಕ್ರೀನ್ ಯಾವಾಗ ಆನ್ ಮಾಡಬೇಕು, ಯಾವಾಗ ಆಫ್ ಮಾಡಬೇಕು? ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾಗಿ ಕೆಲಸಕ್ಕೆ ಬರುವ ಸಾಮಗ್ರಿ ಯಾವುದು? ನಮ್ಮಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಳಸಿ ನೋಡಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಗಣಿತ ಮೇಷ್ಟ್ರು, ಮದ್ದೂರು

ಮೇಡಂ, ಒಳ್ಳೆ ಪ್ರಶ್ನೆ. ನನ್ನ ಉತ್ತರ ಒಂದೇ. ಮಕ್ಕಳು ಊಹೆ ಮಾಡಿ ಬರೆದ ಮೇಲೆಯೇ ಸ್ಕ್ರೀನ್ ಆನ್ ಮಾಡಿ.

ಒಂಬತ್ತನೇ ಕ್ಲಾಸಿನ ಒಂದು ಪಾಠ ಹೇಳುತ್ತೇನೆ. ಯಾವುದೇ ಚತುರ್ಭುಜದ ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸಿದರೆ ಒಳಗೆ ಸಮಾಂತರ ಚತುರ್ಭುಜ ಬರುತ್ತದೆ. ಇದನ್ನು ನಾನು ಹೇಳುವುದೇ ಇಲ್ಲ. "ನಿಮಗೆ ಇಷ್ಟ ಬಂದ ಹಾಗೆ ಸೊಟ್ಟಪಟ್ಟ ಚತುರ್ಭುಜ ಬರೆಯಿರಿ" ಅನ್ನುತ್ತೇನೆ. ಕೆಲವರು ಬೇಕಂತಲೇ ಪೂರಾ ವಕ್ರ ಬರೆಯುತ್ತಾರೆ. ಮಧ್ಯಬಿಂದು ಗುರುತಿಸಿ ಸೇರಿಸಿ ಅಂದ ಮೇಲೆ ಪಕ್ಕದವರ ಪುಸ್ತಕ ಇಣುಕಿ ನೋಡಲು ಶುರು ಮಾಡುತ್ತಾರೆ. ಎಲ್ಲರದ್ದೂ ಬೇರೆ ಬೇರೆ ಆಕಾರ, ಆದರೆ ಒಳಗಿರುವುದು ಒಂದೇ ಜಾತಿಯ ಆಕಾರ! ಆಗ ಕ್ಲಾಸಿನಲ್ಲಿ ಗುಸುಗುಸು ಏಳುತ್ತದೆ. ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರ್ ತೆರೆಯುವುದು ಅದಾದ ಮೇಲೆ. ಒಂದು ಮೂಲೆ ಹಿಡಿದು ಎಳೆಯುತ್ತೇನೆ. ಹೊರಗಿನದು ಹೇಗೆ ಬೇಕಾದರೂ ಬದಲಾಗಲಿ, ಒಳಗಿನದು ಸಮಾಂತರವಾಗಿಯೇ ಇರುತ್ತದೆ. ಮೂಲೆಯನ್ನು ಒಳಕ್ಕೆ ತಳ್ಳಿದರೂ ಹಾಗೇ.

ಸ್ಕ್ರೀನಿನ ಕೆಲಸ ಅಲ್ಲಿಗೆ ಮುಗಿಯಿತು. ಆಫ್ ಮಾಡಿಬಿಡುತ್ತೇನೆ. "ಎಳೆದು ತೋರಿಸಿದ ಮಾತ್ರಕ್ಕೆ ಸಾಧನೆ ಆಗಲಿಲ್ಲ, ಯಾಕೆ ಹೀಗಾಗುತ್ತದೆ ಹೇಳಿ" ಅಂತ ಬೋರ್ಡಿಗೆ ಬರುತ್ತೇನೆ. ಕರ್ಣ ಎಳೆಯುತ್ತೇವೆ, ಎರಡು ತ್ರಿಭುಜ ಆಗುತ್ತದೆ, ಮಧ್ಯಬಿಂದು ಪ್ರಮೇಯ (ತ್ರಿಭುಜದ ಎರಡು ಬಾಹುಗಳ ಮಧ್ಯಬಿಂದು ಸೇರಿಸಿದ ಗೆರೆ ಮೂರನೇ ಬಾಹುವಿಗೆ ಸಮಾಂತರ) ಕೂರುತ್ತದೆ. ಸ್ಕ್ರೀನ್ ಬಳಸಿದ್ದು ಹೆಚ್ಚೆಂದರೆ ಐದಾರು ನಿಮಿಷ. ಆದರೆ ಅದಿಲ್ಲದೆ ಅಷ್ಟೊಂದು ಆಕಾರ ತೋರಿಸಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಜಿಯೋಜೀಬ್ರಾ ಉಚಿತ. ಒಮ್ಮೆ ಇನ್‌ಸ್ಟಾಲ್ ಮಾಡಿಕೊಂಡರೆ ನೆಟ್ ಬೇಕಿಲ್ಲ. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಅನ್ನುವವರು ಓದುವಾಗ ಶುರು ಮಾಡಿದ ಕೆಲಸ ಇದು. ನಮ್ಮಂಥ ಶಾಲೆಗಳಿಗೆ ದೊಡ್ಡ ಉಪಕಾರ ಆಗಿದೆ.

ಪೋಷಕರು, ಕುವೆಂಪುನಗರ, ಮೈಸೂರು

ಕ್ಲಾಸಿನೊಳಗಿನ ತಂತ್ರಜ್ಞಾನ ಸರಿ. ಮನೆಗೆ ಬರುವ ತಂತ್ರಜ್ಞಾನದ ಬಗ್ಗೆಯೂ ಯಾರಾದರೂ ಮಾತಾಡಿ. ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು, ಮನೆಯಲ್ಲಿ ಉಳಿಯುವ ಫೋನ್ ಒಂದೇ. ನನ್ನದು ಕೆಲಸಕ್ಕೆ ನನ್ನ ಜೊತೆ ಹೋಗುತ್ತದೆ. ಸಂಜೆ ಏಳೂವರೆಗೆ ವಾಟ್ಸಾಪ್ ಗ್ರೂಪಿನಲ್ಲಿ ಹೋಂವರ್ಕ್ ಬರುತ್ತದೆ. ಎಂಟು ಗಂಟೆಗೆ ಇನ್ನೊಂದು ಗ್ರೂಪಿನಲ್ಲಿ ವಿಡಿಯೊ ಲಿಂಕ್ ಬರುತ್ತದೆ. ಮಕ್ಕಳ ಕೈಗೆ ಫೋನ್ ಕೊಡಬೇಡಿ ಅಂತ ಪೋಷಕರ ಸಭೆಯಲ್ಲಿ ಹೇಳುತ್ತಾರೆ. ಕೊಡದೆ ಹೇಗೆ?

ಇನ್ನೊಂದು ಮಾತು. ಕ್ಲಾಸಿನ ಪರೀಕ್ಷೆಯ ಅಂಕಗಳನ್ನು ಹೆಸರು ಸಮೇತ ಗ್ರೂಪಿನಲ್ಲಿ ಹಾಕುತ್ತಾರೆ. ನನ್ನ ಮಗಳು ಅದನ್ನು ನೋಡಿ ರಾತ್ರಿ ಊಟ ಬಿಟ್ಟಳು. ಶಾಲೆಯ ಹೆಸರು ಹೇಳುವುದಿಲ್ಲ. ಆದರೆ ಇದು ಸರಿಯಲ್ಲ ಅಲ್ವಾ?

ಕಂಪ್ಯೂಟರ್ ಟೀಚರ್, ನಂಜನಗೂಡು

ಖಂಡಿತ ಸರಿಯಲ್ಲ ಸರ್. ಒಂದು ಮಗುವಿನ ಅಂಕ ಆ ಮಗುವಿಗೆ, ಅದರ ತಂದೆ ತಾಯಿಗೆ ಮಾತ್ರ ಗೊತ್ತಾಗಬೇಕು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಅಂತಲೇ ಕರೆದಿದ್ದಾರೆ. ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುವುದು ಅದರ ಆಶಯ. ಕಾಯ್ದೆಯ ಮಾತು ಹಾಗಿರಲಿ. ಊಟ ಬಿಟ್ಟ ಮಗುವಿನ ಸಂಕಟವೇ ಸಾಕಲ್ಲ ನಮಗೆ. ಮುಂದಿನ ಪೋಷಕರ ಸಭೆಯಲ್ಲಿ ನೇರವಾಗಿ ಕೇಳಿ. ನಾಲ್ಕು ಜನ ಪೋಷಕರು ಒಟ್ಟಿಗೆ ಕೇಳಿದರೆ ನಿಲ್ಲುತ್ತದೆ.

ಹೋಂವರ್ಕ್ ವಿಷಯಕ್ಕೆ ನಮ್ಮಲ್ಲಿ ಒಂದು ನಿಯಮ ಇದೆ. ಫೋನ್ ಇಲ್ಲದ ಮಗುವಿಗೆ ಮಾಡಲಾಗದ ಕೆಲಸ ಯಾವ ಮಗುವಿಗೂ ಕೊಡುವುದಿಲ್ಲ. ಹೋಂವರ್ಕ್ ಬೋರ್ಡಿನ ಮೇಲೇ ಇರುತ್ತದೆ, ಮಕ್ಕಳು ಡೈರಿಗೆ ಬರೆದುಕೊಂಡು ಹೋಗುತ್ತಾರೆ. ಲಿಂಕ್ ಕಳಿಸಿದರೂ ಅದು ಆಸಕ್ತಿ ಇದ್ದವರಿಗೆ ಮಾತ್ರ. ಅದರ ಮೇಲೆ ಮಾರನೇ ದಿನ ಪ್ರಶ್ನೆ ಕೇಳುವುದಿಲ್ಲ.

ನಲಿಕಲಿ ಟೀಚರ್, ಎಚ್.ಡಿ. ಕೋಟೆ

ನಾನು ಒಂದರಿಂದ ಮೂರನೇ ಕ್ಲಾಸಿನವಳು. ನಮ್ಮ ತಾಲ್ಲೂಕಿನಲ್ಲೇ 1995ರಲ್ಲಿ ನಲಿಕಲಿ ಶುರುವಾಗಿದ್ದು. ಕಾರ್ಡು, ಕಲಿಕೆಯ ಹಂತ ತೋರಿಸುವ ಏಣಿ, ಗುಂಪು ಗುರುತಿಸುವ ತಟ್ಟೆ, ಗುಂಪು. ಯಾವ ಮಗು ಎಲ್ಲಿದೆಯೋ ಅಲ್ಲಿಂದ ಕಲಿಯುವುದು. ಈಗಿನ ಆ್ಯಪ್‌ಗಳು "ಪ್ರತಿ ಮಗುವಿಗೂ ಅದರದೇ ವೇಗ" ಅಂತ ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ. ರಟ್ಟಿನ ಕಾರ್ಡಿನಲ್ಲಿ ಅದನ್ನು ನಮ್ಮ ಹಿರಿಯ ಶಿಕ್ಷಕರು ಯಾವತ್ತೋ ಮಾಡಿದ್ದಾರೆ.

ಹಾಗಂತ ಫೋನ್ ಬೇಡ ಅನ್ನುವುದಿಲ್ಲ. ಸ್ಟೋರಿವೀವರ್ ಇಲ್ಲದಿದ್ದರೆ ನನಗೆ ಕಷ್ಟ ಆಗುತ್ತಿತ್ತು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಮಕ್ಕಳ ಕಥೆಗಳ ವೆಬ್‌ಸೈಟ್ ಅದು. ಕನ್ನಡದಲ್ಲಿ ಕಥೆಗಳು ಬೇಕಾದಷ್ಟಿವೆ. ಸಾಲು ಕಡಿಮೆ ಇರುವ ಕಥೆ ಮೊದಲ ಹಂತ, ಹಾಗೇ ಮೇಲೆ ಮೇಲೆ. ಎಲ್ಲವೂ ಮುಕ್ತ ಪರವಾನಗಿಯಲ್ಲಿವೆ. ಡೌನ್‌ಲೋಡ್ ಮಾಡಬಹುದು, ಪ್ರಿಂಟ್ ಹಾಕಬಹುದು, ಅವರ ಚಿತ್ರ ಇಟ್ಟುಕೊಂಡು ನಾವೇ ಹೊಸ ಕಥೆಯನ್ನೂ ಬರೆಯಬಹುದು.

ಈ ಕೊನೆಯದನ್ನು ನಾನು ಜಾಸ್ತಿ ಬಳಸುತ್ತೇನೆ. ನಮ್ಮ ಶಾಲೆಗೆ ಕಾಡಂಚಿನ ಹಾಡಿಗಳಿಂದ ಮಕ್ಕಳು ಬರುತ್ತಾರೆ. ಜೇನುಕುರುಬರ ಮಕ್ಕಳು. ಮನೆಯಲ್ಲಿ ಅವರು ಆಡುವ ಮಾತು ಪುಸ್ತಕದ ಕನ್ನಡ ಅಲ್ಲ. ಚಿತ್ರ ಮಾತ್ರ ತೋರಿಸಿ "ಇಲ್ಲಿ ಏನು ನಡೀತಿದೆ, ನಿಮ್ಮ ಮಾತಲ್ಲೇ ಹೇಳಿ" ಅನ್ನುತ್ತೇನೆ. ಬಾಯೇ ಬಿಡದ ಮಕ್ಕಳು ಆನೆ ಚಿತ್ರ ಬಂದರೆ ಸಾಕು, ನಿಲ್ಲಿಸುವುದೇ ಇಲ್ಲ. ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಆಮೇಲೆ ಅವರ ವಾಕ್ಯವನ್ನೇ ಚಿತ್ರದ ಕೆಳಗೆ ಬರೆದು ಓದಿಸುತ್ತೇನೆ. ತನ್ನ ಮಾತು ಅಕ್ಷರವಾಗಿ ನಿಂತಿದ್ದನ್ನು ಮಗು ಮುಟ್ಟಿ ಮುಟ್ಟಿ ನೋಡುತ್ತದೆ. ಓದು ಅಲ್ಲಿಂದ ಶುರುವಾಗುತ್ತದೆ. ಇದಕ್ಕೆ ದೊಡ್ಡ ಸ್ಕ್ರೀನೂ ಬೇಕಿಲ್ಲ, ನೆಟ್ಟೂ ಬೇಕಿಲ್ಲ.

ಸಮಾಜ ವಿಜ್ಞಾನ, ಮಳವಳ್ಳಿ

ನಮ್ಮ ಜಿಲ್ಲೆಯ ಮಕ್ಕಳಿಗೆ ಗೂಗಲ್ ಅರ್ಥ್‌ನಷ್ಟು ಒಳ್ಳೆ ಪಾಠದ ಸಾಮಗ್ರಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಎಲ್ಲರೂ ತಾಜ್ ಮಹಲ್, ಪಿರಮಿಡ್ಡು ತೋರಿಸಲು ಹೋಗುತ್ತಾರೆ. ನಾನು ಶುರು ಮಾಡುವುದು ಕೆಆರ್‌ಎಸ್‌ನಿಂದ.

ಅಣೆಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆ ಹಿಡಿದು ಹೋಗಿ ಅಂತ ಒಬ್ಬ ಹುಡುಗನಿಗೆ ಹೇಳುತ್ತೇನೆ. ಅವನು ಸ್ಕ್ರೀನ್ ಮೇಲೆ ಬೆರಳಿಟ್ಟು ಹೋಗುತ್ತಾನೆ. ಹುಲಿಕೆರೆ ಹತ್ತಿರ ನಾಲೆ ಕಾಣೆಯಾಗುತ್ತದೆ! ಕ್ಲಾಸಿಡೀ ಎದ್ದು ನಿಲ್ಲುತ್ತದೆ. "ನೀರು ಎಲ್ಲಿ ಹೋಯ್ತು?" ಆ ಪ್ರಶ್ನೆ ಅವರದ್ದು, ನನ್ನದಲ್ಲ. ಅಲ್ಲಿ ದಿಣ್ಣೆ ಅಡ್ಡ ಇದೆ, ಸುರಂಗ ಕೊರೆದು ನೀರು ಹರಿಸಿದ್ದಾರೆ ಅನ್ನುವುದಕ್ಕೆ ಅವರೇ ಬರುತ್ತಾರೆ. ಇನ್ನೂ ಸ್ವಲ್ಪ ಮುಂದೆ ಹೋದರೆ ನಾಲೆಯ ಒಂದು ಪಕ್ಕ ಹಸಿರು, ಇನ್ನೊಂದು ಪಕ್ಕ ಒಣ ನೆಲ. ಯಾಕೆ? ನೀರು ತಗ್ಗಿಗೆ ತಾನಾಗಿ ಹರಿಯುತ್ತದೆ, ಏರು ಹತ್ತುವುದಿಲ್ಲ. ನಾಲೆಯ ಕೆಳಗಿನವರು ಭತ್ತ, ಕಬ್ಬು ಬೆಳೆದರು. ಮೇಲಿನವರು ಮಳೆ ನಂಬಿ ರಾಗಿ ಬೆಳೆದರು. ಇದರಲ್ಲಿ ಭೂಗೋಳ ಇದೆ, ಇತಿಹಾಸ ಇದೆ, ಅರ್ಥಶಾಸ್ತ್ರವೂ ಇದೆ.

ಆಮೇಲೆ ಅಳತೆ. ಗೂಗಲ್ ಅರ್ಥ್‌ನಲ್ಲಿ ಸುತ್ತ ಗೆರೆ ಎಳೆದರೆ ವಿಸ್ತೀರ್ಣ ತೋರಿಸುತ್ತದೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಮಕ್ಕಳು ತಮ್ಮ ಗದ್ದೆ ಅಳೆದು, ಮನೆಯಲ್ಲಿ ಅಪ್ಪ ಹೇಳಿದ ಲೆಕ್ಕಕ್ಕೆ ಹೋಲಿಸುತ್ತಾರೆ. ಗೆರೆ ಸ್ವಲ್ಪ ಆಚೀಚೆ ಆದರೆ ಉತ್ತರ ಎಷ್ಟು ಬದಲಾಗುತ್ತದೆ ಅಂತಲೂ ಗೊತ್ತಾಗುತ್ತದೆ. ನೆಟ್ ಬೇಕು, ನಿಜ. ನಾನು ನನ್ನ ಫೋನಿನ ಹಾಟ್‌ಸ್ಪಾಟ್ ಹಾಕುತ್ತೇನೆ.

ಗಣಿತ ಮೇಷ್ಟ್ರು, ಮದ್ದೂರು

ಮಳವಳ್ಳಿ ಸರ್, ಕೆಆರ್‌ಎಸ್ ಅಂದಿರಿ, ನಾನೂ ಒಂದು ಸೇರಿಸುತ್ತೇನೆ. ಪೇಪರಿನಲ್ಲಿ ದಿನಾ ಬರುತ್ತದಲ್ಲ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಅದನ್ನು ಮಕ್ಕಳು ಜೂನ್‌ನಿಂದ ಬರೆದಿಡುತ್ತಾರೆ. ಲೆಕ್ಕದ ಪಟ್ಟಿ ಮಾಡುವ ಲಿಬ್ರೆ ಆಫೀಸ್‌ನ ಕ್ಯಾಲ್ಕ್‌ಗೆ ಹಾಕಿ ಗ್ರಾಫ್ ಮಾಡುತ್ತೇವೆ. ಅದೂ ಉಚಿತವೇ.

ಟಿಎಂಸಿ, ಕ್ಯೂಸೆಕ್ ಅನ್ನುವ ಪದ ಮಂಡ್ಯದ ಮಗುವಿಗೆ ಹುಟ್ಟಿನಿಂದ ಕಿವಿಗೆ ಬಿದ್ದಿರುತ್ತದೆ. ಅರ್ಥ ಗೊತ್ತಿರುವುದಿಲ್ಲ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದು ಟಿಎಂಸಿ ನೀರು ಒಂದೇ ದಿನದಲ್ಲಿ ಹೊರಗೆ ಹೋಗಬೇಕಾದರೆ ಎಷ್ಟು ಕ್ಯೂಸೆಕ್ ಬಿಡಬೇಕು? ಭಾಗಿಸಿದರೆ ಸುಮಾರು 11,574 ಬರುತ್ತದೆ. ಈ ಒಂದು ಸಂಖ್ಯೆ ಗೊತ್ತಾದ ಮೇಲೆ ಮಕ್ಕಳು ಪೇಪರ್ ಓದುವ ರೀತಿಯೇ ಬೇರೆ ಆಗುತ್ತದೆ. ಟಿವಿಯಲ್ಲಿ ಕಾವೇರಿ ಸುದ್ದಿ ಬಂದರೆ ಮನೆಯವರಿಗೆ ಲೆಕ್ಕ ಹೇಳುತ್ತಾರೆ.

ಗರಿಷ್ಠ ಮಟ್ಟ 124.80 ಅಡಿ, ಪೂರ್ತಿ ತುಂಬಿದರೆ 49.45 ಟಿಎಂಸಿ. ಮಟ್ಟಕ್ಕೂ ನೀರಿಗೂ ಗ್ರಾಫ್ ಹಾಕಿದರೆ ನೇರ ಗೆರೆ ಬರುವುದಿಲ್ಲ, ಬಾಗುತ್ತದೆ. 90 ಅಡಿಯಿಂದ 100ಕ್ಕೆ ಏರಲು ಬೇಕಾದ ನೀರಿಗಿಂತ 110ರಿಂದ 120ಕ್ಕೆ ಏರಲು ಜಾಸ್ತಿ ನೀರು ಬೇಕು. ಮೇಲೆ ಹೋದಂತೆ ಹಿನ್ನೀರು ಹರಡಿಕೊಳ್ಳುತ್ತದಲ್ಲ. ಇದನ್ನು ಒಬ್ಬ ಹುಡುಗಿ ಗ್ರಾಫ್ ನೋಡಿಯೇ ಹೇಳಿದಳು. ನನಗೆ ಆದ ಖುಷಿ ಹೇಳಲು ಆಗುವುದಿಲ್ಲ.

ವಿಜ್ಞಾನ ಟೀಚರ್, ಪಾಂಡವಪುರ ತಾಲ್ಲೂಕು

ಎಲ್ಲರಿಗೂ ತುಂಬಾ ಧನ್ಯವಾದ. ಮದ್ದೂರು ಸರ್ ಹೇಳಿದ ಹಾಗೆ ಹತ್ತನೇ ಕ್ಲಾಸಿನ ವಿದ್ಯುತ್ ಪಾಠದಲ್ಲಿ ಮಾಡಿದೆ. ಫೆಟ್ ಸಿಮ್ಯುಲೇಶನ್ ಬಳಸಿದೆ, ಅಂದರೆ ಸ್ಕ್ರೀನಿನಲ್ಲೇ ಪ್ರಯೋಗ ಮಾಡಿ ನೋಡುವ ಸಾಫ್ಟ್‌ವೇರ್. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ್ದು. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು.

ಎರಡು ಒಂದೇ ತರದ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದ ಚಿತ್ರವನ್ನು ಬೋರ್ಡಿನ ಮೇಲೆ ಬರೆದೆ. "ಯಾವುದು ಜಾಸ್ತಿ ಬೆಳಗುತ್ತೆ? ಯಾಕೆ?" ಬರೆದುಕೊಳ್ಳಿ ಅಂದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬ್ಯಾಟರಿಗೆ ಹತ್ತಿರದ ಬಲ್ಬು ಅಂದರು. ಮೊದಲ ಬಲ್ಬು ಕರೆಂಟನ್ನು ಖರ್ಚು ಮಾಡಿಬಿಡುತ್ತದೆ, ಎರಡನೆಯದಕ್ಕೆ ಮಿಕ್ಕಿದ್ದು ಅನ್ನುವುದು ಅವರ ತರ್ಕ. ಪಾಠ ಮುಗಿಸಿ ಪರೀಕ್ಷೆ ಬರೆದವರ ತಲೆಯಲ್ಲೂ ಈ ಯೋಚನೆ ಹಾಗೇ ಇರುತ್ತದೆ. ಅಕ್ಕಪಕ್ಕದವರ ಜೊತೆ ಮಾತಾಡಿ ಅಂದೆ. ವಾದ ಜೋರಾಯಿತು. ಆಮೇಲೆ ಸ್ಕ್ರೀನ್ ಆನ್ ಮಾಡಿದೆ. ಎರಡೂ ಬಲ್ಬು ಒಂದೇ ಸಮ! ಎಲೆಕ್ಟ್ರಾನುಗಳು ಬಲ್ಬಿನ ಮುಂಚೆಯೂ ಆಮೇಲೂ ಒಂದೇ ವೇಗದಲ್ಲಿ ಹೋಗುವುದು ಕಾಣಿಸುತ್ತದೆ. ನಿಜವಾದ ತಂತಿಯಲ್ಲಿ ಇದನ್ನು ಯಾರೂ ತೋರಿಸಲು ಸಾಧ್ಯವಿಲ್ಲ. ನನಗೆ ಸ್ಕ್ರೀನ್ ಬೇಕಾಗಿದ್ದು ಇದಕ್ಕೇ.

ಕಂಪ್ಯೂಟರ್ ಟೀಚರ್, ನಂಜನಗೂಡು

ಚೆನ್ನಾಗಿದೆ ಮೇಡಂ. ಹಾಗಾದರೆ ಇನ್ನು ಲ್ಯಾಬ್ ಸಾಮಾನಿಗೆ ದುಡ್ಡು ಹಾಕುವ ಬದಲು ಎಲ್ಲವನ್ನೂ ಸಿಮ್ಯುಲೇಶನ್‌ನಲ್ಲೇ ಮಾಡಿಸಬಹುದಲ್ಲವೇ? ಬಲ್ಬು ಒಡೆಯುವುದಿಲ್ಲ, ಸೆಲ್ ಖಾಲಿ ಆಗುವುದಿಲ್ಲ.

ವಿಜ್ಞಾನ ಟೀಚರ್, ಪಾಂಡವಪುರ ತಾಲ್ಲೂಕು

ಇಲ್ಲ ಸರ್, ಇದನ್ನು ನಾನು ಒಪ್ಪುವುದಿಲ್ಲ. ಸ್ಕ್ರೀನಿನಲ್ಲಿ ತಂತಿ ತಾಗಿಸಿದರೆ ತಾಗಿಯೇ ಬಿಡುತ್ತದೆ. ಕೈಯಲ್ಲಿ ಮಾಡುವಾಗ ತಂತಿಯ ಪ್ಲಾಸ್ಟಿಕ್ ಸುಲಿಯಬೇಕು, ಸಡಿಲ ಇದ್ದರೆ ಉರಿಯುವುದಿಲ್ಲ, ಹಳೆ ಸೆಲ್ ಆದರೆ ಮಂಕು. ಯಾಕೆ ಉರಿಯಲಿಲ್ಲ ಅಂತ ಹುಡುಕುವುದೇ ವಿಜ್ಞಾನ. ನಮ್ಮ ಮಕ್ಕಳಲ್ಲಿ ನಾಳೆ ಪಂಪ್‌ಸೆಟ್ ರಿಪೇರಿ ಮಾಡುವವರು, ಎಲೆಕ್ಟ್ರಿಷಿಯನ್ ಆಗುವವರು ಇದ್ದಾರೆ. ಅವರ ಕೈಗೆ ನಿಜವಾದ ತಂತಿ ಕೊಡಲೇಬೇಕು. ಸಿಮ್ಯುಲೇಶನ್ ಆದ ದಿನವೇ ಟಾರ್ಚ್ ಬಲ್ಬು, ಸೆಲ್ ಕೊಟ್ಟು ಮಾಡಿಸಿದೆ. ಎರಡು ಬಲ್ಬುಗಳು ಪೂರಾ ಒಂದೇ ಸಮ ಉರಿಯಲಿಲ್ಲ. "ಸ್ಕ್ರೀನಲ್ಲಿ ಬೇರೆ ಇತ್ತಲ್ಲ ಮಿಸ್?" ಅಂದರು. ಅಂಗಡಿಯ ಎರಡು ಬಲ್ಬುಗಳು ನಿಜವಾಗಿ ಒಂದೇ ತರ ಇರುತ್ತವೆಯೇ ಅನ್ನುವ ಚರ್ಚೆ ಅಲ್ಲಿಂದ ಹೊರಟಿತು. ಬಲ್ಬುಗಳ ಜಾಗ ಅದಲುಬದಲು ಮಾಡಿ ನೋಡಿದರು. ಮಂಕಾಗಿದ್ದ ಬಲ್ಬು ಎಲ್ಲಿ ಹಾಕಿದರೂ ಮಂಕೇ. ಆ ಪರೀಕ್ಷೆ ಅವರಿಗೇ ಹೊಳೆದದ್ದು.

ನಿವೃತ್ತ ಶಿಕ್ಷಕರು, ಸರಸ್ವತಿಪುರಂ, ಮೈಸೂರು

ಮಕ್ಕಳೇ, ನಿಮ್ಮ ಮಾತು ಓದಿ ತುಂಬಾ ಸಂತೋಷವಾಯಿತು. ಹೊಸ ಯಂತ್ರವನ್ನು ಕಲಿಕೆಗೆ ಹಚ್ಚುವುದು ನಮ್ಮ ಮೈಸೂರಿಗೆ ಹಳೆಯ ಅಭ್ಯಾಸ. 1935ರಲ್ಲಿ ಇಲ್ಲಿ ರೇಡಿಯೊ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು. ತಮ್ಮ ಮನೆಯಿಂದಲೇ ಪ್ರಸಾರ ಮಾಡಿದರು.

ನಮ್ಮ ಕಾಲಕ್ಕೆ ಆಕಾಶವಾಣಿಯ ಶಾಲಾ ಪಾಠಗಳು ಬಂದವು, ಆಮೇಲೆ "ಕೇಳಿ ಕಲಿ" ಬಂತು. ರೇಡಿಯೊ ಹಾಕುವ ಮುಂಚೆ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟು ಕೂರಿಸುತ್ತಿದ್ದೆ. ಮುಗಿದ ಮೇಲೆ ಅದರ ಮೇಲೆ ಮಾತು. ಸುಮ್ನೆ ರೇಡಿಯೊ ಹಾಕಿ ಸ್ಟಾಫ್ ರೂಮಿಗೆ ಹೋದರೆ ಮಕ್ಕಳಿಗೆ ಏನೂ ದಕ್ಕುತ್ತಿರಲಿಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಪಕ್ಕದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠ ಬರುತ್ತಿತ್ತು. 2010ರಲ್ಲಿ ಆ ಉಪಗ್ರಹದ ಕೆಲಸ ಮುಗಿಯಿತು.

ಹಾಗಾಗಿ ನನ್ನದೊಂದು ಕೋರಿಕೆ. ಸ್ಕ್ರೀನ್ ಇವತ್ತು ಇರುತ್ತದೆ, ನಾಳೆ ಕೆಡುತ್ತದೆ. ಯಾವ ಪಾಠಕ್ಕೆ ಯಾವ ಪ್ರಶ್ನೆ ಕೇಳಿದಿರಿ, ಮಕ್ಕಳು ಏನು ತಪ್ಪು ಊಹೆ ಮಾಡಿದರು, ಇದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಿಮ್ಮ ನಂತರ ಬರುವ ಟೀಚರಿಗೆ ಅದು ಯಂತ್ರಕ್ಕಿಂತ ಜಾಸ್ತಿ ಉಪಯೋಗ. ರಿಪೇರಿಗೆ ಅಂತ ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಈಗಲೇ ಒಂದಿಷ್ಟು ದುಡ್ಡು ತೆಗೆದಿಡಿಸಿ. ಕೆಟ್ಟ ಮೇಲೆ ಕೇಳಿದರೆ ಸಿಗುವುದಿಲ್ಲ.

ಕಂಪ್ಯೂಟರ್ ಟೀಚರ್, ನಂಜನಗೂಡು

ಮೇಡಂ ಮಾತು ಒಪ್ಪಿದೆ, ಲ್ಯಾಬ್ ಬೇಕು. ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಬರೆದಿಡುವಾಗ ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿ ಬರೆಯಿರಿ. ಹಳೇ ನುಡಿ ಫಾಂಟಿನ ಪ್ರಶ್ನೆಪತ್ರಿಕೆಗಳು ಇನ್ನೊಬ್ಬರ ಫೋನಿನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹುಡುಕಿದರೂ ಸಿಗುವುದಿಲ್ಲ. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಸಾಫ್ಟ್‌ವೇರ್‌ಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ.

ಪಾಠದ ಕೊನೆಗೆ ಪರೀಕ್ಷಿಸಲು ಪ್ಲಿಕರ್ಸ್ ಅನ್ನುವ ಆ್ಯಪ್ ನೋಡಿ. ಮಕ್ಕಳ ಹತ್ತಿರ ಫೋನ್ ಬೇಡ. ಪ್ರತಿ ಮಗುವಿಗೂ ಪ್ರಿಂಟ್ ಮಾಡಿದ ಒಂದು ಕಾರ್ಡು. ಎ, ಬಿ, ಸಿ, ಡಿ, ಯಾವುದು ಉತ್ತರವೋ ಆ ಪಕ್ಕ ಮೇಲೆ ಬರುವ ಹಾಗೆ ಹಿಡಿಯುತ್ತಾರೆ. ನಿಮ್ಮ ಫೋನಿನ ಕ್ಯಾಮೆರಾ ಒಂದು ಸುತ್ತು ತಿರುಗಿಸಿದರೆ ಯಾರು ಏನು ಉತ್ತರ ಕೊಟ್ಟರು ಅಂತ ಬರುತ್ತದೆ. ಕಾರ್ಡುಗಳು ಒಂದರಂತೆ ಒಂದು ಇರುವುದಿಲ್ಲ, ಹಾಗಾಗಿ ಪಕ್ಕದವರದ್ದು ನೋಡಿ ಹಿಡಿಯುವುದು ಕಷ್ಟ. ಹೊಳೆಯುವ ಲ್ಯಾಮಿನೇಶನ್ ಮಾಡಿಸಬೇಡಿ, ಬೆಳಕು ಬಿದ್ದು ಕ್ಯಾಮೆರಾ ಓದುವುದಿಲ್ಲ. ಅದೂ ಬೇಡ ಅಂದರೆ ಎದೆ ಹತ್ತಿರ ಬೆರಳು ತೋರಿಸಲು ಹೇಳಿ, ಸಾಕು.

ನೆನಪು ಮಾಡಿಕೊಳ್ಳುವುದೇ ಕಲಿಕೆ ಅನ್ನುವುದಕ್ಕೆ ಆಧಾರವೂ ಇದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡು ಬರೆದವರಿಗೆ ಒಂದು ವಾರದ ನಂತರ ಜಾಸ್ತಿ ನೆನಪಿತ್ತು. ಐದು ನಿಮಿಷದ ನಂತರ ಕೇಳಿದಾಗ ಮಾತ್ರ ಓದಿದವರೇ ಮುಂದಿದ್ದರು. ನಾವು ಪಾಠ ಮುಗಿದ ಕೂಡಲೇ "ಅರ್ಥವಾಯ್ತಾ?" ಅಂತ ಕೇಳಿ ನಂಬಿಬಿಡುವುದು ಇಲ್ಲಿಯೇ.

ಕನ್ನಡ ಟೀಚರ್, ಶ್ರೀರಂಗಪಟ್ಟಣ

ಭಾಷೆಯವರನ್ನು ಮರೆಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ವೆಬ್‌ಸೈಟಿನಲ್ಲಿ ನಿಘಂಟುಗಳಿವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಬರಹಗಳು ಮುಕ್ತ ಪರವಾನಗಿಯಲ್ಲಿ ವಿಕಿಸೋರ್ಸ್‌ನಲ್ಲಿ ಸಿಗುತ್ತವೆ. ಮಕ್ಕಳಿಗೆ ಪ್ರಾಜೆಕ್ಟ್ ಕೊಟ್ಟಾಗ ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದನ್ನು ಬರೆಯುವ ಬದಲು ಇಲ್ಲಿ ನೋಡಲು ಹೇಳಿ.

ಚಾಟ್‌ಜಿಪಿಟಿಯಂಥವುಗಳ ಬಗ್ಗೆ ಒಂದು ಎಚ್ಚರಿಕೆ. ಹಳಗನ್ನಡದ ಪದ್ಯಕ್ಕೆ ಅರ್ಥ ಕೇಳಿದರೆ ಬಹಳ ಧೈರ್ಯವಾಗಿ ತಪ್ಪು ಹೇಳುತ್ತದೆ. ಕವಿಯ ಹೆಸರನ್ನೇ ಬದಲಿಸುತ್ತದೆ. ನಾನು ಅದರ ಉತ್ತರವನ್ನು ಸ್ಕ್ರೀನ್ ಮೇಲೆ ಹಾಕಿ "ಇದರಲ್ಲಿ ತಪ್ಪು ಹುಡುಕಿ" ಅನ್ನುತ್ತೇನೆ. ತಪ್ಪು ಹುಡುಕಬೇಕಾದರೆ ಪದ್ಯವನ್ನು ಸಾಲು ಸಾಲಾಗಿ ಓದಲೇಬೇಕು. ಓದುತ್ತಾರೆ!

ಸಮಾಜ ವಿಜ್ಞಾನ, ಮಳವಳ್ಳಿ

ಪಾಂಡವಪುರ ಮೇಡಂ, ಫೆಟ್ ಕನ್ನಡದಲ್ಲಿ ಇದೆಯೇ? ನಮ್ಮ ವಿಜ್ಞಾನದ ಮೇಡಂ ಕೇಳುತ್ತಿದ್ದಾರೆ. ನಮ್ಮಲ್ಲಿ ನೆಟ್ ಇಲ್ಲದ ಕೋಣೆಯಲ್ಲಿ ಸ್ಕ್ರೀನ್ ಇದೆ.

ವಿಜ್ಞಾನ ಟೀಚರ್, ಪಾಂಡವಪುರ ತಾಲ್ಲೂಕು

ಎಲ್ಲವೂ ಇಲ್ಲ ಸರ್, ಕೆಲವು ಕನ್ನಡದಲ್ಲಿವೆ. ಫೆಟ್ ವೆಬ್‌ಸೈಟಿನಲ್ಲಿ ಸಿಮ್ಯುಲೇಶನ್‌ಗಳ ಪಟ್ಟಿಗೆ ಹೋಗಿ ಭಾಷೆ ಕನ್ನಡ ಅಂತ ಆರಿಸಿ. ಬೇಕಾದ್ದರ ಪುಟದಲ್ಲಿ ಡೌನ್‌ಲೋಡ್ ಗುರುತು ಇರುತ್ತದೆ. ಎಚ್‌ಟಿಎಂಎಲ್5 ಅಂತ ಇರುವುದನ್ನು ಮಾತ್ರ ತೆಗೆದುಕೊಳ್ಳಿ. ಹಳೇ ಜಾವಾ, ಫ್ಲ್ಯಾಶ್‌ನವು ಈಗಿನ ಸ್ಕ್ರೀನಿನಲ್ಲಿ ತೆರೆಯುವುದಿಲ್ಲ. ಒಂದೇ ಫೈಲ್ ಬರುತ್ತದೆ. ಮನೆಯಲ್ಲಿ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರೆ ನೆಟ್ ಇಲ್ಲದೆ ಬ್ರೌಸರ್‌ನಲ್ಲೇ ತೆರೆಯುತ್ತದೆ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲೂ ಹಾಗೇ, ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ವಿಡಿಯೊ ಮೊದಲೇ ಇಳಿಸಿಟ್ಟುಕೊಳ್ಳಬಹುದು. ಕ್ಲಾಸಿಗೆ ಹೋಗುವ ಮುಂಚೆ ಅದೇ ಸ್ಕ್ರೀನಿನಲ್ಲಿ ಒಮ್ಮೆ ತೆರೆದು ನೋಡಲು ನಿಮ್ಮ ಮೇಡಂಗೆ ಹೇಳಿ. ಹಿಂದಿನ ಬೆಂಚಿನಿಂದ ಅಕ್ಷರ ಕಾಣುತ್ತದೆಯೇ ಅಂತಲೂ ನೋಡಲಿ.